ಹಲ್ಲಿಲ್ಲದ ಹಿರಿಯರಿಗೂ ಬಲದ ಊಟ: ಬೇಳೆ-ಮೊಸರು ಬೆರೆತ ಮೃದು ಆಲೂಗಡ್ಡೆ

ಶರಣ ಧರ್ಮದಲ್ಲಿ ಕಾಯಕಕ್ಕೆ ಮೊದಲ ಸ್ಥಾನವಿದೆ. ಕಾಯಕ ಸಾಗಬೇಕಾದರೆ ಕಾಯ ಗಟ್ಟಿಯಾಗಿರಬೇಕು; ಕಾಯ ಗಟ್ಟಿಯಾಗಿರಬೇಕಾದರೆ ಅದಕ್ಕೆ ತಕ್ಕ ಆಹಾರ ಸಲ್ಲಬೇಕು. ಈ ಮಾತು ಹೊಲದಲ್ಲಿ ದುಡಿಯುವ ತರುಣನಿಗೆ ಎಷ್ಟು ಸತ್ಯವೋ, ಪಡಸಾಲೆಯಲ್ಲಿ ಕುಳಿತು ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ-ಅಜ್ಜಿಯರಿಗೂ ಅಷ್ಟೇ ಸತ್ಯ. ಆದರೆ ಪೋಷಣೆಯ ಕೊರತೆ ಮೊದಲು ಕಾಡುವುದು ಮನೆಯ ಈ ಹಿರಿಯರನ್ನೇ. ಅವರು ಬೇಡುವುದಿಲ್ಲ, ಹೇಳಿಕೊಳ್ಳುವುದಿಲ್ಲ. ಆದ್ದರಿಂದ ನಮ್ಮ ಗಮನಕ್ಕೂ ಬರುವುದಿಲ್ಲ.

ಬೀದರ, ಭಾಲ್ಕಿ, ಔರಾದ ಸೀಮೆಯ ರೂಢಿಯ ಊಟವನ್ನು ನೋಡಿರಿ. ಜೋಳದ ರೊಟ್ಟಿ, ತೊಗರಿಬೇಳೆ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಧಾನ್ಯ ಮತ್ತು ದ್ವಿದಳ ಒಂದಕ್ಕೊಂದು ಪೂರಕವಾಗಿ ಕೂಡಿದ ಈ ಊಟ ಪರಿಪೂರ್ಣವಾದುದು. ಆದರೆ ಅದನ್ನು ಉಣ್ಣಲು ಹಲ್ಲು ಬೇಕು. ಹಲ್ಲು ಬಿದ್ದಾಗ ಮೊದಲು ತಟ್ಟೆಯಿಂದ ರೊಟ್ಟಿ ಸರಿಯುತ್ತದೆ. ಬಳಿಕ ಕಾಳಿನ ಪಲ್ಯ, ಅದರ ಹಿಂದೆಯೇ ಶೇಂಗಾ. ಕೊನೆಗೆ ಉಳಿಯುವುದು ಮೆತ್ತನೆಯ ಅನ್ನ, ತಿಳಿ ಸಾರು, ಗಂಜಿ, ಚಹಾದಲ್ಲಿ ಅದ್ದಿದ ಖಾರಿ ಅಥವಾ ಬಿಸ್ಕತ್ತು, ತುಪ್ಪ ಹಾಕಿ ಕಿವುಚಿದ ಆಲೂಗಡ್ಡೆ. ಹೊಟ್ಟೆ ತುಂಬುತ್ತದೆ, ಆದರೆ ದೇಹದ ಮಾಂಸಖಂಡಗಳನ್ನು ಕಟ್ಟುವ ಸಸಾರಜನಕ, ಅಂದರೆ ಪ್ರೋಟೀನ್, ತಟ್ಟೆಯಿಂದ ಸದ್ದಿಲ್ಲದೆ ಮರೆಯಾಗಿರುತ್ತದೆ.

ಈ ಕೊರತೆಯನ್ನು ಹೊಸ ಪುಡಿ, ಡಬ್ಬಿಗಳಿಲ್ಲದೆ, ಅದೇ ಕಿವುಚಿದ ಆಲೂಗಡ್ಡೆಯ ಬಟ್ಟಲಿನಲ್ಲಿಯೇ ತುಂಬಿಕೊಡುವ ಬಗೆಯನ್ನು ಈ ಲೇಖನ ತಿಳಿಸುತ್ತದೆ.

ಕೊರತೆ ಎಷ್ಟು?

ಬೀದರಿನ ನೆರೆಯ ಹೈದರಾಬಾದಿನಲ್ಲಿ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ಈ ಸಂಸ್ಥೆ ಭಾರತೀಯರ ಆಹಾರದ ಪ್ರಮಾಣಗಳನ್ನು ನಿಗದಿಪಡಿಸುತ್ತದೆ. ಅದರ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 50 ಕಿಲೋ ತೂಕದ ಹಿರಿಯರಿಗೆ ಸುಮಾರು 42 ಗ್ರಾಂ. ವೃದ್ಧಾಪ್ಯದಲ್ಲಿ ಪ್ರತಿ ಕಿಲೋಗೆ 1 ಗ್ರಾಂ ಅಥವಾ ಅದಕ್ಕಿಂತ ತುಸು ಹೆಚ್ಚು ಸಲ್ಲಬೇಕೆಂಬುದು ಅನೇಕ ತಜ್ಞರ ಅಭಿಪ್ರಾಯ.

ಈಗ ಹಲ್ಲಿಲ್ಲದ ಹಿರಿಯರ ಒಂದು ದಿನದ ಲೆಕ್ಕ ಹಾಕೋಣ. ಎರಡು ಹೊತ್ತಿಗೆ ಸೇರಿ 150 ಗ್ರಾಂ ಅಕ್ಕಿಯ ಅನ್ನದಿಂದ ಸುಮಾರು 11 ಗ್ರಾಂ. ಚಹಾಕ್ಕೆ ಬಳಸಿದ 200 ಮಿಲಿಲೀಟರ್ ಹಾಲಿನಿಂದ 6 ಗ್ರಾಂ. ತಿಳಿ ಸಾರಿನಲ್ಲಿರುವ 20 ಗ್ರಾಂ ಬೇಳೆಯಿಂದ 5 ಗ್ರಾಂ. ಒಟ್ಟು 22 ಗ್ರಾಂ. ಬೇಕಾದುದರ ಅರ್ಧದಷ್ಟು ಮಾತ್ರ. ಸಸ್ಯಾಹಾರಿಗಳಾದ ನಮಗೆ ಬೇಳೆಕಾಳು ಹಾಗೂ ಹಾಲು-ಮೊಸರೇ ಪ್ರೋಟೀನಿನ ಮುಖ್ಯ ಮೂಲಗಳು. ಅವೆರಡೂ ಕಡಿಮೆಯಾದರೆ ಬೇರೆ ದಾರಿಯಿಲ್ಲ.

ವಯಸ್ಸು ಏರಿದಂತೆ ಮಾಂಸಖಂಡಗಳು ಸಹಜವಾಗಿಯೇ ಕರಗುತ್ತವೆ. ಪ್ರೋಟೀನ್ ಕೊರತೆಯೂ ನಡಿಗೆಯ ಕೊರತೆಯೂ ಸೇರಿದರೆ ಈ ಕರಗುವಿಕೆ ವೇಗ ಪಡೆಯುತ್ತದೆ. ಕುಳಿತಲ್ಲಿಂದ ಏಳುವಾಗ ಕೈ ಊರಬೇಕಾಗುತ್ತದೆ, ಮೆಟ್ಟಿಲು ಹತ್ತುವಾಗ ಕಾಲು ನಡುಗುತ್ತದೆ, ಬಚ್ಚಲಿನಲ್ಲಿ ಜಾರಿ ಬೀಳುವ ಭಯ ಹೆಚ್ಚುತ್ತದೆ. ಹೀಗೆ ಬಿದ್ದು ತೊಡೆಯ ಮೂಳೆ ಮುರಿದು ಹಾಸಿಗೆ ಹಿಡಿದವರಲ್ಲಿ ಹಲವರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಮಕ್ಕಳು ಹೈದರಾಬಾದು, ಪುಣೆ, ಮುಂಬಯಿಗಳಲ್ಲಿ ದುಡಿಯುತ್ತಿದ್ದು, ಊರಲ್ಲಿ ಇಬ್ಬರೇ ಹಿರಿಯರು ಉಳಿದಿರುವ ಮನೆಗಳಲ್ಲಿ ಇದು ದೊಡ್ಡ ಸಂಕಟವಾಗುತ್ತದೆ. ‘ವಯಸ್ಸಾಯಿತು, ಇನ್ನು ಇಷ್ಟೇ’ ಎಂದು ಸುಮ್ಮನಾಗುವ ಮುನ್ನ ಅವರ ತಟ್ಟೆಯನ್ನೊಮ್ಮೆ ನೋಡಬೇಕು.

ಆಲೂಗಡ್ಡೆಯ ಗುಣ-ಮಿತಿ

ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ಗಡ್ಡೆ. ಯುರೋಪಿನ ವರ್ತಕರ ಮೂಲಕ ನಮ್ಮಲ್ಲಿಗೆ ಬಂದಿತು. ‘ಬಟಾಟಿ’ ಎಂಬ ಹೆಸರು ಪೋರ್ಚುಗೀಸ್ ಮಾತಿನಿಂದ ಬಂದುದು. ಹನ್ನೆರಡನೆಯ ಶತಮಾನದ ಕಲ್ಯಾಣದ ದಾಸೋಹದಲ್ಲಿ ಈ ಗಡ್ಡೆ ಇರಲಿಲ್ಲ. ಆದರೆ ಇಂದು ಅದು ಎಲ್ಲರ ಅಡುಗೆಮನೆಯಲ್ಲೂ ಇದೆ. ಅಗ್ಗ, ಬೇಗ ಬೇಯುತ್ತದೆ, ಬಾಯಲ್ಲಿ ಕರಗುತ್ತದೆ. ಪೊಟ್ಯಾಸಿಯಂ ಹಾಗೂ ‘ಸಿ’ ಜೀವಸತ್ವವನ್ನೂ ಕೊಡುತ್ತದೆ. ಆದರೆ 100 ಗ್ರಾಂ ಆಲೂಗಡ್ಡೆಯಲ್ಲಿ ಪ್ರೋಟೀನ್ 2 ಗ್ರಾಂಗೂ ಕಡಿಮೆ. ಉಳಿದುದು ಬಹುಪಾಲು ನೀರು ಮತ್ತು ಪಿಷ್ಟ.

ಅದಕ್ಕೆ ನುಣುಪು ಬರಲೆಂದು ಬೆಣ್ಣೆ, ಕೆನೆ ಸುರಿಯುವುದು ರೂಢಿ. ಅರ್ಧ ಕಿಲೋ ಆಲೂಗಡ್ಡೆಗೆ 60 ಗ್ರಾಂ ಬೆಣ್ಣೆ, 150 ಮಿಲಿಲೀಟರ್ ಕೆನೆ ಹಾಕಿ ನಾಲ್ಕು ಪಾಲು ಮಾಡಿದರೆ, ಪ್ರತಿ ಪಾಲಿನಲ್ಲಿ ಸುಮಾರು 300 ಕ್ಯಾಲೊರಿ, 21 ಗ್ರಾಂ ಜಿಡ್ಡು ಇರುತ್ತದೆ. ಪ್ರೋಟೀನ್ ಮಾತ್ರ 3 ಗ್ರಾಂ. ನುಣುಪು ಬೇಕು, ಜಿಡ್ಡು ಬೇಡ, ಬಲ ಬೇಕು ಎಂದಾದರೆ ಬೆಣ್ಣೆ-ಕೆನೆಯ ಜಾಗದಲ್ಲಿ ಹೆಸರುಬೇಳೆಯನ್ನೂ ಗಟ್ಟಿ ಮೊಸರನ್ನೂ ತರಬೇಕು.

ಕಾಳು-ತರಕಾರಿ ಬೆರೆಸಿ ಉಣ್ಣುವುದು ನಮಗೆ ಹೊಸದೇನಲ್ಲ. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಒಯ್ಯುವ ಭಜ್ಜಿಯಲ್ಲಿ ಹಸಿ ಕಾಳು, ತರಕಾರಿ, ಸೊಪ್ಪುಗಳೆಲ್ಲ ಕಡಲೆಹಿಟ್ಟಿನೊಡನೆ ಕೂಡಿ ಬೇಯುತ್ತವೆ. ಆ ಜಾಣ್ಮೆಯನ್ನೇ ಇಲ್ಲಿ ಹಿರಿಯರ ಬಟ್ಟಲಿಗೆ ಅಳವಡಿಸಿಕೊಳ್ಳುವುದು.

ಬೇಕಾಗುವ ಸಾಮಗ್ರಿ (ನಾಲ್ಕು ಪಾಲಿಗೆ)

- ಆಲೂಗಡ್ಡೆ: 500 ಗ್ರಾಂ
- ಹೆಸರುಬೇಳೆ: 100 ಗ್ರಾಂ
- ಕೆನೆ ತೆಗೆದ ಅಥವಾ ಟೋನ್ಡ್ ಹಾಲಿನ ತಾಜಾ ಮೊಸರು: 500 ಗ್ರಾಂ
- ತುಪ್ಪ: 1 ಚಹಾ ಚಮಚ
- ಜೀರಿಗೆ ಪುಡಿ, ಕರಿಮೆಣಸಿನ ಪುಡಿ: ತಲಾ ಅರ್ಧ ಚಮಚ
- ಜಜ್ಜಿದ ಹಸಿಶುಂಠಿ: ಅರ್ಧ ಚಮಚ
- ಇಂಗು, ಅರಿಶಿನ: ಚಿಟಿಕೆ
- ಉಪ್ಪು: ಹಿತಮಿತವಾಗಿ

ಮಾಡುವ ವಿಧಾನ

1. ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಎರಡು-ಮೂರು ಗಂಟೆ ತೂಗುಹಾಕಿರಿ. ಶ್ರೀಖಂಡಕ್ಕೆ ಮಾಡಿಕೊಳ್ಳುವ ಚಕ್ಕಾದಂತೆ ಸುಮಾರು ಅರ್ಧದಷ್ಟು ಗಟ್ಟಿ ಮೊಸರು ಉಳಿಯುತ್ತದೆ. ಬೇಸಿಗೆಯಲ್ಲಿ ಹೊರಗಿಟ್ಟರೆ ಹುಳಿ ಏರುವುದರಿಂದ ಫ್ರಿಜ್ಜಿನಲ್ಲಿ ಜರಡಿಯ ಮೇಲೆ ಇಡುವುದು ಲೇಸು. ಇಳಿದ ನೀರನ್ನು ಚೆಲ್ಲದೆ ಹಿಟ್ಟು ನಾದಲು ಅಥವಾ ಸಾರಿಗೆ ಬಳಸಿರಿ.

2. ಹೆಸರುಬೇಳೆಯನ್ನು ತೊಳೆದು ಅರ್ಧ ಗಂಟೆ ನೆನೆಹಾಕಿರಿ. ಬಳಿಕ ನೀರು ಬಸಿದು, ಬೇಳೆ ಮುಳುಗಿ ಒಂದು ಬೆರಳು ಮೇಲೆ ನಿಲ್ಲುವಷ್ಟು ಹೊಸ ನೀರು ಮತ್ತು ಅರಿಶಿನ ಹಾಕಿ ಕುಕ್ಕರಿನ ಒಂದು ಡಬ್ಬಿಯಲ್ಲಿಡಿ. ಇನ್ನೊಂದು ಡಬ್ಬಿಯಲ್ಲಿ, ತೊಳೆದು ಎರಡು ಹೋಳು ಮಾಡಿದ ಆಲೂಗಡ್ಡೆಯನ್ನು ಸಿಪ್ಪೆಸಹಿತ, ನೀರು ಹಾಕದೆ ಇಡಿ. ನಾಲ್ಕೈದು ಸೀಟಿ ಬರಲಿ. ಒಂದೇ ಉರಿಯಲ್ಲಿ ಎರಡೂ ಬೇಯುತ್ತವೆ.

3. ಆಲೂಗಡ್ಡೆ ಬಿಸಿಯಾಗಿರುವಾಗಲೇ ಸಿಪ್ಪೆ ಸುಲಿದು, ಎರಡು ನಿಮಿಷ ಹಬೆ ಆರಲು ಬಿಟ್ಟು, ಸೌಟಿನ ಹಿಂಬದಿಯಿಂದ ಕಿವುಚಿರಿ. ಇನ್ನೂ ನುಣುಪು ಬೇಕಿದ್ದರೆ ಜರಡಿಯ ಮೂಲಕ ಒತ್ತಿರಿ. ಆಲೂಗಡ್ಡೆಯನ್ನು ಮಿಕ್ಸಿಗೆ ಮಾತ್ರ ಹಾಕಬಾರದು. ಮಿಕ್ಸಿಯ ಅಲಗಿಗೆ ಗಡ್ಡೆಯ ಕಣಗಳು ಒಡೆದು ಪಿಷ್ಟವೆಲ್ಲ ಹೊರಬಂದು ಗೋಂದಿನಂತೆ ಅಂಟಾಗುತ್ತದೆ.

4. ಬೆಂದ ಬೇಳೆಯನ್ನು ಕಡಗೋಲಿನಿಂದ ಕಡೆದು ನುಣ್ಣಗೆ ಮಾಡಿರಿ. ಬೇಳೆಯನ್ನು ಮಿಕ್ಸಿಗೆ ಹಾಕಿದರೆ ತೊಂದರೆಯಿಲ್ಲ. ನೀರಾಗಿದ್ದರೆ ಸಣ್ಣ ಉರಿಯಲ್ಲಿ ಕೈಯಾಡಿಸಿ ಗಟ್ಟಿ ಮಾಡಿಕೊಳ್ಳಿರಿ.

5. ಪಾತ್ರೆಯಲ್ಲಿ ತುಪ್ಪ ಬಿಸಿಮಾಡಿ ಇಂಗು, ಶುಂಠಿ, ಜೀರಿಗೆ ಪುಡಿ, ಮೆಣಸಿನ ಪುಡಿ ಹಾಕಿ, ಬೇಳೆ ಮತ್ತು ಆಲೂಗಡ್ಡೆಯನ್ನು ಸೇರಿಸಿ ಉಪ್ಪಿನೊಡನೆ ಎರಡು ನಿಮಿಷ ಕಲಸಿರಿ. ಸಾಸಿವೆ, ಕರಿಬೇವು ಹಲ್ಲಿಲ್ಲದವರ ಗಂಟಲಿಗೆ ತೊಡಕಾಗುವುದರಿಂದ ಬೇಡ.

6. ಒಲೆಯಿಂದ ಇಳಿಸಿ, ಬಿಸಿ ತುಸು ತಗ್ಗಿದ ಮೇಲೆ ಗಟ್ಟಿ ಮೊಸರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿರಿ. ಉರಿಯ ಮೇಲೆ ಬೆರೆಸಿದರೆ ಮೊಸರು ಒಡೆಯುತ್ತದೆ. ಗಟ್ಟಿ ಎನಿಸಿದರೆ ಎರಡು ಚಮಚ ಬೆಚ್ಚನೆಯ ಹಾಲು ಸೇರಿಸಬಹುದು.

ಒಂದು ಬಟ್ಟಲಿನ ಲೆಕ್ಕ

ಆಲೂಗಡ್ಡೆಯಿಂದ ಸುಮಾರು 9, ಬೇಳೆಯಿಂದ 24, ಮೊಸರಿನಿಂದ 14 ಗ್ರಾಂ ಸೇರಿ ಒಟ್ಟು 47 ಗ್ರಾಂ ಪ್ರೋಟೀನ್. ನಾಲ್ಕು ಪಾಲು ಮಾಡಿದರೆ ಒಂದು ದೊಡ್ಡ ಬಟ್ಟಲಿಗೆ 11ರಿಂದ 12 ಗ್ರಾಂ. ಕ್ಯಾಲೊರಿ ಸುಮಾರು 260. ಜಿಡ್ಡು 5 ಗ್ರಾಂ ಆಸುಪಾಸು. ಬೆಣ್ಣೆ-ಕೆನೆಯ ಪಾಲಿಗಿಂತ ಪ್ರಮಾಣ ಹೆಚ್ಚು, ಭಾರ ಕಡಿಮೆ, ಪ್ರೋಟೀನ್ ಸುಮಾರು ನಾಲ್ಕು ಪಟ್ಟು.

ಮೇಲೆ ಹೇಳಿದ ಹಿರಿಯರು ಅನ್ನವನ್ನು ಅರ್ಧಕ್ಕಿಳಿಸಿ, ಮಧ್ಯಾಹ್ನ ಒಂದು ಬಟ್ಟಲು, ರಾತ್ರಿ ಒಂದು ಬಟ್ಟಲು ಇದನ್ನು ಉಂಡರೆ ದಿನದ ಪ್ರೋಟೀನ್ 22ರಿಂದ 40 ಗ್ರಾಂ ಸಮೀಪಕ್ಕೆ ಏರುತ್ತದೆ. ಮಲಗುವ ಮುನ್ನ ಒಂದು ಲೋಟ ಹಾಲು ಕುಡಿದರೆ ಕೊರತೆ ತುಂಬಿದಂತೆಯೇ. ಇದನ್ನು ಅನ್ನದ ಜೊತೆ ಹೆಚ್ಚುವರಿಯಾಗಿ ಅಲ್ಲ, ಅನ್ನದ ಬದಲಿಗೆ ಉಣ್ಣಬೇಕೆಂಬುದು ನೆನಪಿರಲಿ. ತೀರ ಕೃಶರಾದ ಹಿರಿಯರಿಗೆ ಶಕ್ತಿಯೂ ಬೇಕಾದ್ದರಿಂದ ಅವರ ಬಟ್ಟಲಿಗೆ ಮೇಲೊಂದು ಚಮಚ ತುಪ್ಪ ಹಾಕಿದರೆ ತಪ್ಪಿಲ್ಲ.

ನಮ್ಮ ಹೊಲದ ಬೆಳೆ ನಮ್ಮ ಬಟ್ಟಲಿಗೆ

ರಾಜ್ಯದಲ್ಲಿ ಸೋಯಾಬೀನ್ ಅತಿ ಹೆಚ್ಚಾಗಿ ಬೆಳೆಯುವ ಜಿಲ್ಲೆ ಬೀದರ. ಭಾಲ್ಕಿ, ಔರಾದ ತಾಲ್ಲೂಕುಗಳ ಮುಂಗಾರಿನ ಹೊಲಗಳಲ್ಲಿ ಉದ್ದು, ಹೆಸರು, ತೊಗರಿಗಳೊಡನೆ ಅದೂ ಹಬ್ಬಿರುತ್ತದೆ. ರಾಶಿಯಾದ ಕೂಡಲೇ ಚೀಲ ತುಂಬಿ ಬೀದರಿನ ಗಾಂಧಿ ಗಂಜಿಗೋ ಸಮೀಪದ ಮಾರುಕಟ್ಟೆಗೋ ಹೋಗುತ್ತದೆ. ಮನೆಯ ಡಬ್ಬಿಗೆ ಬರುವುದು ವಿರಳ. ಒಣ ಸೋಯಾ ಕಾಳಿನಲ್ಲಿ 100 ಗ್ರಾಂಗೆ ಸುಮಾರು 36 ಗ್ರಾಂ ಪ್ರೋಟೀನ್ ಇದೆ. ವಾರಕ್ಕೆ ಒಂದೆರಡು ದಿನ ಹೆಸರುಬೇಳೆಯ ಅರ್ಧಭಾಗಕ್ಕೆ ಬದಲಾಗಿ ಸೋಯಾ ಬಳಸಬಹುದು. ಆದರೆ ಅದನ್ನು ರಾತ್ರಿಯಿಡೀ ನೆನೆಹಾಕಿ, ನೀರು ಚೆಲ್ಲಿ, ಸಿಪ್ಪೆ ಉಜ್ಜಿ ತೆಗೆದು, ಕುಕ್ಕರಿನಲ್ಲಿ ಪೂರ್ಣ ಬೇಯಿಸಿ ನುಣ್ಣಗೆ ರುಬ್ಬಲೇಬೇಕು. ಅರೆಬೆಂದ ಸೋಯಾದಲ್ಲಿ ಪ್ರೋಟೀನಿನ ಜೀರ್ಣವನ್ನು ತಡೆಯುವ ಅಂಶ ಉಳಿಯುತ್ತದೆ.

ಒಬ್ಬರೇ ಇದ್ದು ಬೇಳೆ ಬೇಯಿಸಲು ಬೇಸರಪಡುವ ಹಿರಿಯರಿಗೆ ಇನ್ನೂ ಸುಲಭದ ದಾರಿಯುಂಟು. ಪುಟಾಣಿಯನ್ನು ಪುಡಿಮಾಡಿ ಡಬ್ಬಿಯಲ್ಲಿಟ್ಟುಕೊಂಡು, ಕಿವುಚಿದ ಆಲೂಗಡ್ಡೆಗೆ ಎರಡು ದೊಡ್ಡ ಚಮಚ ಪುಡಿ ಮತ್ತು ಮೊಸರು ಬೆರೆಸಿದರೆ ಸಾಕು. 20 ಗ್ರಾಂ ಪುಟಾಣಿ ಪುಡಿಯಿಂದ 4 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಮನೆಯಲ್ಲಿ ದೇವಣಿ ಹಸುವಿನ ಹಾಲಿದ್ದರೆ ಮೊಸರಿಗೆ ಹೊರಗೆ ಹೋಗಬೇಕಾಗಿಲ್ಲ.

ಎಚ್ಚರಿಕೆಯ ಮಾತುಗಳು

ಮಧುಮೇಹ ಇರುವವರು ಆಲೂಗಡ್ಡೆಯನ್ನು ಅರ್ಧಕ್ಕಿಳಿಸಿ, ಉಳಿದರ್ಧಕ್ಕೆ ಬೇಯಿಸಿದ ಹೂಕೋಸು ಅಥವಾ ಸೋರೆಕಾಯಿ ಸೇರಿಸಲಿ. ಆ ಹೊತ್ತಿಗೆ ಅನ್ನ ಬೇಡ. ಬೇಳೆ-ಮೊಸರು ಜೊತೆಗಿದ್ದಾಗ ರಕ್ತದ ಸಕ್ಕರೆ ಬರಿಯ ಆಲೂಗಡ್ಡೆಗಿಂತ ನಿಧಾನವಾಗಿ ಏರುತ್ತದೆಯಾದರೂ ಪ್ರಮಾಣ ಮೀರಬಾರದು.

ಮೂತ್ರಪಿಂಡದ ಕಾಯಿಲೆ ಇರುವವರಿಗೆ ಪ್ರೋಟೀನ್, ಪೊಟ್ಯಾಸಿಯಂ ಎರಡಕ್ಕೂ ಮಿತಿಯಿರುತ್ತದೆ. ಅವರು ವೈದ್ಯರನ್ನು ಕೇಳದೆ ಇದನ್ನು ಆರಂಭಿಸಬಾರದು. ಪಾರ್ಶ್ವವಾಯುವಿನ ನಂತರ ನುಂಗಲು ಕಷ್ಟವಿರುವವರಿಗೆ ಬೆನ್ನು ನೇರವಾಗಿ ಕೂಡಿಸಿ ಸಣ್ಣ ಸಣ್ಣ ತುತ್ತಾಗಿ ಉಣಿಸಬೇಕು. ಆಹಾರದ ಹದವನ್ನು ವೈದ್ಯರಿಂದಲೇ ತಿಳಿಯಬೇಕು.

ಹಸಿರು ತಿರುಗಿದ, ಮೊಳಕೆಯೊಡೆದ ಆಲೂಗಡ್ಡೆಯನ್ನು ಬಳಸಬಾರದು. ಅದರಲ್ಲಿ ವಿಷಕರ ಅಂಶ ಹೆಚ್ಚಿರುತ್ತದೆ. ಮಾಡಿದ ಅಡುಗೆಯನ್ನು ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು.

ಹಲ್ಲಿನ ಚಿಕಿತ್ಸೆಯನ್ನೂ ಮರೆಯಬಾರದು. ಬಡ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ ಒದಗಿಸಲೆಂದು ರಾಜ್ಯ ಸರ್ಕಾರ ‘ದಂತ ಭಾಗ್ಯ’ ಯೋಜನೆಯನ್ನು ತಂದಿದೆ. ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ದಂತಪಂಕ್ತಿ ಹೊಂದಿಕೊಂಡರೆ ರೊಟ್ಟಿಯೂ ಮರಳಿ ತಟ್ಟೆಗೆ ಬಂದೀತು. ಊಟದೊಡನೆ ದಿನಕ್ಕೆ ಎರಡು ಬಾರಿ ಅಂಗಳದಲ್ಲಾದರೂ ನಡೆಯಬೇಕು, ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರಬೇಕು. ಕೆಲಸ ಮಾಡದ ಮಾಂಸಖಂಡಕ್ಕೆ ಪ್ರೋಟೀನ್ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಕಮಲನಗರದಲ್ಲಿ ಹುಟ್ಟಿ, ನಿಜಾಮರ ಆಳ್ವಿಕೆಯಲ್ಲಿ ಈ ಗಡಿನಾಡಿನ ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ನೀಡಿದ ಭಾಲ್ಕಿ ಹಿರೇಮಠದ ಲಿಂಗೈಕ್ಯ ಡಾ. ಚನ್ನಬಸವ ಪಟ್ಟದೇವರು ನೂರು ವಸಂತಗಳನ್ನು ದಾಟಿ ಬಾಳಿದರು. ದಾಸೋಹವೆಂದರೆ ಹಸಿದವರಿಗೆ ಬಡಿಸುವುದಷ್ಟೇ ಅಲ್ಲ, ಉಣ್ಣುವವರಿಗೆ ಏನು ಸಲ್ಲುತ್ತದೆಂದು ಅರಿತು ಬಡಿಸುವುದೂ ಹೌದು. ಈ ವಾರ ಒಂದು ದಿನ ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಅವರು ಏನು ಉಣ್ಣುತ್ತಾರೆ, ಏನನ್ನು ಬದಿಗೆ ಸರಿಸುತ್ತಾರೆ ಎಂದು ನೋಡಿರಿ. ಮರುದಿನ ಈ ಬಟ್ಟಲನ್ನು ಅವರ ಮುಂದಿಡಿ.