ಸಂತ ಪದವಿಯ ವಿಧಾನ: ಜೋಸೆಫ್ ವಾಜ್ ಅವರ ನಿದರ್ಶನ

ಪುಣೆಯ ಪೇಪಲ್ ಸೆಮಿನರಿಯು 1893ರಲ್ಲಿ ಶ್ರೀಲಂಕೆಯ ಕ್ಯಾಂಡಿಯಲ್ಲಿ ಸ್ಥಾಪಿತವಾಗಿ 1955ರಲ್ಲಿ ಪುಣೆಗೆ ಸ್ಥಳಾಂತರಗೊಂಡಿತು. ಅದೇ ಕ್ಯಾಂಡಿಯಲ್ಲಿ 1711ರಲ್ಲಿ ನಿಧನರಾದ ಗೋವೆಯ ಪಾದ್ರಿ ಜೋಸೆಫ್ ವಾಜ್ (ಜನನ 1651) ಕನ್ನಡ ಕರಾವಳಿಯ ಚರಿತ್ರೆಗೂ ಸಲ್ಲುವವರು. 1681ರಿಂದ 1684ರವರೆಗೆ, ಕೆಳದಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, ಅವರು ಕೆನರಾದಲ್ಲಿದ್ದರು. ಅವರಿಗೆ 1995ರಲ್ಲಿ ಪುನೀತ ಪದವಿಯೂ 2015ರಲ್ಲಿ ಸಂತ ಪದವಿಯೂ ದೊರೆತವು. ಈ ನಿದರ್ಶನದ ಹಿನ್ನೆಲೆಯಲ್ಲಿ ಸಂತರನ್ನು ಘೋಷಿಸುವ ಕ್ಯಾಥೊಲಿಕ್ ವಿಧಾನದ ಪರಿವರ್ತನೆಯನ್ನು ಇಲ್ಲಿ ವಿವೇಚಿಸಿದ್ದೇವೆ.

ಆರಂಭದ ಶತಮಾನಗಳಲ್ಲಿ ಜನರ ಭಕ್ತಿ ಮತ್ತು ಸ್ಥಳೀಯ ಬಿಷಪ್ಪರ ಸಮ್ಮತಿಯೇ ಸಾಕಾಗಿತ್ತು. 1234ರಲ್ಲಿ ಒಂಬತ್ತನೆಯ ಗ್ರೆಗೊರಿಯ ಶಾಸನಸಂಗ್ರಹವು ಈ ಅಧಿಕಾರವನ್ನು ಪೋಪರಿಗೇ ಮೀಸಲಿರಿಸಿತು. 1588ರಲ್ಲಿ ಐದನೆಯ ಸಿಕ್ಸ್ಟಸ್ ಇದಕ್ಕಾಗಿ ವಿಧಿಗಳ ಮಂಡಲಿಯನ್ನು ರಚಿಸಿದರು. 1634ರಲ್ಲಿ ಎಂಟನೆಯ ಅರ್ಬನ್ ಅನುಮತಿಯಿಲ್ಲದ ಸಾರ್ವಜನಿಕ ಆರಾಧನೆಯನ್ನು ನಿಷೇಧಿಸಿದರು. ಹೀಗೆ ಭಕ್ತಿಯ ವಿಷಯವು ನ್ಯಾಯವಿಚಾರಣೆಯ ರೂಪ ತಳೆಯಿತು. ಅಭ್ಯರ್ಥಿಯ ವಿರುದ್ಧ ವಾದಿಸಲು ಒಬ್ಬ ಅಧಿಕಾರಿಯೇ ಇದ್ದನು. ಜನರು ಅವನನ್ನು 'ಸೈತಾನನ ವಕೀಲ'ನೆಂದು ಕರೆದರು.

1983ರಲ್ಲಿ ಎರಡನೆಯ ಜಾನ್ ಪಾಲ್ ಈ ಚೌಕಟ್ಟನ್ನು ಬದಲಿಸಿದರು. ಸ್ಥಳೀಯ ವಿಚಾರಣೆಯ ಹೊಣೆ ಬಿಷಪ್ಪರಿಗೆ ಬಂದಿತು. ಚಾರಿತ್ರಿಕ ದಾಖಲೆಗಳನ್ನಾಧರಿಸಿದ ಪ್ರಬಂಧವು ವಾದ-ಪ್ರತಿವಾದಗಳ ಸ್ಥಾನವನ್ನು ಪಡೆಯಿತು. ವಿರೋಧಿ ವಕೀಲನ ಹುದ್ದೆ ಉಳಿದರೂ ಪ್ರತಿವಾದವು ಅದರ ಮುಖ್ಯ ಕರ್ತವ್ಯವಾಗಿ ಉಳಿಯಲಿಲ್ಲ. ನಿಧನಾನಂತರ 5 ವರ್ಷ ಕಳೆದರೆ ವಿಚಾರಣೆ ಆರಂಭಿಸಬಹುದಾಯಿತು. ಹುತಾತ್ಮರಲ್ಲದವರಿಗೆ ಪುನೀತ ಪದವಿಗೊಂದು, ಸಂತ ಪದವಿಗೆ ಮತ್ತೊಂದು ಪವಾಡ ಸಾಕೆಂದಾಯಿತು. ವಾಜ್ ಅವರ ವಿಷಯದಲ್ಲಿ ಪೋಪ್ ಫ್ರಾನ್ಸಿಸ್ ಎರಡನೆಯ ಪವಾಡದ ನಿಯಮವನ್ನೂ ಸಡಿಲಿಸಿದರು. ಅವರು ಪುನೀತರಾಗಲು ನಿಧನಾನಂತರ 284 ವರ್ಷಗಳು ಹಿಡಿದವು. 1997ರಲ್ಲಿ ತೀರಿಕೊಂಡ ಮದರ್ ತೆರೇಸಾ 2003ರಲ್ಲೇ ಪುನೀತರಾದರು.

ಕನ್ನಡ ಸಂಶೋಧಕರಿಗೆ ಇದರಲ್ಲೊಂದು ಎಚ್ಚರಿಕೆಯಿದೆ. ಶಿವಶರಣರನ್ನು ಯಾವ ನ್ಯಾಯಪೀಠವೂ ಘೋಷಿಸಲಿಲ್ಲ. ಜನಸ್ಮೃತಿಯೂ ಹರಿಹರನ ರಗಳೆಗಳೂ ಅವರನ್ನು ಉಳಿಸಿದವು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ವಾಜ್ ಅವರ ಪ್ರಾರ್ಥನೆಯಿಂದ ಮೂರು ಒರತೆಗಳು ಚಿಮ್ಮಿದವೆಂಬ ಐತಿಹ್ಯವೂ ಅಂತಹ ಸ್ಮೃತಿಯೇ. ಅದು ವಾಜ್ ಅವರ ದಿನಚರಿಗೆ ಪ್ರಮಾಣವಲ್ಲ. ಕರಾವಳಿಯ ಜನ ಅವರನ್ನು ಕಂಡ ಬಗೆಗೆ ಮಾತ್ರ ಅದಕ್ಕಿಂತ ಉತ್ತಮ ಆಧಾರ ವಿರಳ. ರೋಮಿಗೆ ಸಲ್ಲಿಸುವ ಪ್ರಬಂಧವಾದರೋ ಪಾವಿತ್ರ್ಯವನ್ನು ಸಾಧಿಸಲೆಂದೇ ಜೋಡಿಸಿದ ದಾಖಲೆ. ಪ್ರತಿವಾದಿಯ ದನಿ ಕ್ಷೀಣಿಸಿದ ಮೇಲೆ ಆ ದಾಖಲೆಯನ್ನು ಪ್ರಶ್ನಿಸುವ ಹೊಣೆ ಬಹುಮಟ್ಟಿಗೆ ಚರಿತ್ರಕಾರನ ಪಾಲಿಗೆ ಬಂದಿದೆಯೆಂದು ನಾವು ಭಾವಿಸುತ್ತೇವೆ.