ಸರ್ಕಾರಿ ವಿಜ್ಞಾನಿಯ ಸಂಬಳ

ಜಗದೀಶಚಂದ್ರ ಬೋಸ್ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಲು ಸೇರಿದ್ದು 1885ರಲ್ಲಿ. ಕೇಂಬ್ರಿಜ್‌ನಲ್ಲಿ ಓದಿ ಬಂದಿದ್ದರೂ ಭಾರತೀಯರೆಂಬ ಕಾರಣಕ್ಕೆ ಯುರೋಪಿಯನ್ ಪ್ರಾಧ್ಯಾಪಕರ ಸಂಬಳದ ಮೂರನೇ ಎರಡು ಪಾಲಷ್ಟೇ ಅವರಿಗೆ ಸಲ್ಲುತ್ತಿತ್ತು. ನೇಮಕ ತಾತ್ಕಾಲಿಕವಾಗಿದ್ದರಿಂದ ಅದರಲ್ಲೂ ಅರ್ಧ ಖೋತಾ. ಬೋಸರು ಪಾಠ ನಿಲ್ಲಿಸಲಿಲ್ಲ, ಆ ಹಣವನ್ನೂ ಮುಟ್ಟಲಿಲ್ಲ. ತಂದೆಯ ಸಾಲದ ಹೊರೆ ಹೆಗಲ ಮೇಲಿದ್ದಾಗಲೇ ಮೂರು ವರ್ಷ ಸಂಬಳವಿಲ್ಲದೆ ದುಡಿದರು. ಕೊನೆಗೆ ಸರ್ಕಾರವೇ ಮಣಿಯಿತು. ನೇಮಕವನ್ನು ಹಿಂದಿನ ದಿನಾಂಕದಿಂದ ಕಾಯಂ ಮಾಡಿ, ಬಾಕಿಯನ್ನೆಲ್ಲ ಪೂರ್ತಿ ದರದಲ್ಲಿ ಒಟ್ಟಿಗೆ ಕೊಟ್ಟಿತು.

ಇನ್ನೊಬ್ಬ ಬೋಸರಿಗೆ ಆ ಅದೃಷ್ಟವಿರಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿದ್ದ ಪ್ರಮಥನಾಥ ಬೋಸ್ ಅವರನ್ನು ಹಿಂದಿಕ್ಕಿ, ಸೇವೆಯಲ್ಲಿ ಅವರಿಗಿಂತ ಬಹಳ ಕಿರಿಯರಾದ ಥಾಮಸ್ ಹಾಲಂಡ್ ಅವರಿಗೆ ನಿರ್ದೇಶಕ ಹುದ್ದೆ ಸಿಕ್ಕಿತು. ಬೋಸರು 1903ರಲ್ಲಿ ಇಲಾಖೆ ಬಿಟ್ಟರು. ಮರುವರ್ಷ ಅವರು ಮಯೂರ್‌ಭಂಜ್‌ನ ಕಬ್ಬಿಣದ ಅದಿರಿನ ಬಗ್ಗೆ ಜಮ್‌ಶೆಟ್‌ಜಿ ಟಾಟಾರಿಗೆ ಪತ್ರ ಬರೆದರು. ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಎದ್ದುನಿಂತದ್ದು ಆ ಸುಳಿವಿನ ಬೆನ್ನು ಹಿಡಿದು.

ಚರ್ಮದ ಬಣ್ಣ ನೋಡಿ ಸಂಬಳ ಕೊಡುವ ಕಾಲ ಹೋಯಿತು. ಸಂವಿಧಾನದ 39(ಡಿ) ವಿಧಿ ಸಮಾನ ಕೆಲಸಕ್ಕೆ ಸಮಾನ ವೇತನ ಎಂದಿತು. ದೆಹಲಿ ಪೊಲೀಸ್ ಇಲಾಖೆಯ ಚಾಲಕರೊಬ್ಬರು ಹೂಡಿದ್ದ ರಣಧೀರ್ ಸಿಂಗ್ ಪ್ರಕರಣದಲ್ಲಿ, 1982ರಲ್ಲಿ, ಸುಪ್ರೀಂ ಕೋರ್ಟ್ ಅದಕ್ಕೆ ಬಲ ತುಂಬಿತು. ಇಂದು ಕೇಂದ್ರ ಸರ್ಕಾರದ ಪ್ರಯೋಗಾಲಯಕ್ಕೆ ‘ಸೈಂಟಿಸ್ಟ್ ಬಿ’ ಆಗಿ ಸೇರುವವರ ಮೂಲ ವೇತನ 56,100 ರೂಪಾಯಿ. ಹೊಸ ಐಎಎಸ್ ಅಧಿಕಾರಿಯದೂ ಅಷ್ಟೇ. ಇಬ್ಬರದೂ ಏಳನೇ ವೇತನ ಆಯೋಗದ ಹತ್ತನೇ ಹಂತ.

ಹಾಗಾದರೆ ತಕರಾರು ಎಲ್ಲಿದೆ? ಮೊದಲ ತಿಂಗಳ ಸಂಬಳದಲ್ಲಲ್ಲ, ಆಮೇಲಿನ ಬಡ್ತಿಯಲ್ಲಿ. ಕಚೇರಿಯ ಲೆಕ್ಕದಲ್ಲಿ ಸಂಬಳ ಇರುವುದು ಹುದ್ದೆಗೆ. ಮೇಲಿನವರು ನಿವೃತ್ತರಾದರೆ ಹುದ್ದೆ ಖಾಲಿ, ಖಾಲಿಯಾದರೆ ಬಡ್ತಿ. ಆಡಳಿತಕ್ಕೆ ಇದು ಹೊಂದುತ್ತದೆ. ವಿಜ್ಞಾನಿಯ ವಿಷಯ ಬೇರೆ. ಹೊಸ ತಳಿಯೊಂದನ್ನು ರೂಪಿಸಲು ಹತ್ತು ವರ್ಷ ಗದ್ದೆಯಲ್ಲಿ ಕಳೆದವರು ಹೆಚ್ಚು ಸಂಬಳಕ್ಕಾಗಿ ಆ ಗದ್ದೆ ಬಿಟ್ಟು ಕಡತಗಳ ಕುರ್ಚಿಗೆ ಹೋಗಬೇಕಾಗಿ ಬಂದರೆ, ನಷ್ಟ ಅವರೊಬ್ಬರದೇ ಅಲ್ಲ.

ಈ ಮಾತು ಸರ್ಕಾರದ ಕಿವಿಗೆ ಬಿದ್ದದ್ದು ದೊಡ್ಡ ಬೆಲೆ ತೆತ್ತ ಮೇಲೆ. 1972ರ ಮೇ ತಿಂಗಳಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಯೊಬ್ಬರು, ಅಲ್ಲಿನ ವ್ಯವಸ್ಥೆಯನ್ನು ದೂರಿ ಪತ್ರ ಬರೆದಿಟ್ಟು ಪ್ರಾಣ ಬಿಟ್ಟರು. ಸಂಸತ್ತಿನಲ್ಲಿ ಕೋಲಾಹಲವೆದ್ದಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್ ಅವರ ಸಮಿತಿ ನೇಮಕಾತಿಯಿಂದ ಬಡ್ತಿಯವರೆಗೆ ಎಲ್ಲವನ್ನೂ ಜಾಲಾಡಿತು. ಅದರ ಬೆನ್ನಿಗೆ, ಎಂ.ಎಸ್. ಸ್ವಾಮಿನಾಥನ್ ಕೃಷಿ ಸಂಶೋಧನಾ ಪರಿಷತ್ತಿನ ಮಹಾನಿರ್ದೇಶಕರಾಗಿದ್ದಾಗ, 1975ರ ಅಕ್ಟೋಬರ್‌ನಿಂದ ಕೃಷಿ ಸಂಶೋಧನಾ ಸೇವೆ ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ವಿಜ್ಞಾನಿಯ ಕೆಲಸದ ಮೌಲ್ಯಮಾಪನ. ಕೆಲಸ ಚೆನ್ನಾಗಿದ್ದರೆ ಹುದ್ದೆ ಖಾಲಿ ಇರಲಿ ಬಿಡಲಿ, ಕೂತಲ್ಲೇ ಮೇಲಿನ ಶ್ರೇಣಿ. ಸ್ವತಂತ್ರ ಭಾರತ ತನ್ನ ವಿಜ್ಞಾನಿಗಳಿಗೆ ಕೊಟ್ಟ ಅತ್ಯಂತ ವಿವೇಕದ ಕೊಡುಗೆಗಳಲ್ಲಿ ಇದೂ ಒಂದು. 1986ರಿಂದ ಅವರಿಗೆ ವಿಶ್ವವಿದ್ಯಾಲಯಗಳ ಅಧ್ಯಾಪಕರಿಗಿರುವ ಯುಜಿಸಿ ವೇತನವೂ ದೊರೆಯಿತು.

ಉಳಿದ ವೈಜ್ಞಾನಿಕ ಇಲಾಖೆಗಳಲ್ಲಿ ಹೆಚ್ಚುಕಡಿಮೆ ಇದೇ ಕೆಲಸವನ್ನು ‘ಫ್ಲೆಕ್ಸಿಬಲ್ ಕಾಂಪ್ಲಿಮೆಂಟಿಂಗ್ ಸ್ಕೀಮ್’ ಮಾಡುತ್ತದೆ. ಆದರೆ ಅದೂ ಎಲ್ಲರನ್ನೂ ಮುಟ್ಟಿರಲಿಲ್ಲ. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದಲ್ಲಿ ವೈದ್ಯರೂ ವೈದ್ಯಪದವಿಯಿಲ್ಲದ ವಿಜ್ಞಾನಿಗಳೂ ದುಡಿಯುತ್ತಿದ್ದರು. ರೋಗಾಣುಗಳ ಅಪಾಯ ಡಿಗ್ರಿ ಕೇಳಿಕೊಂಡು ಬರುವುದಿಲ್ಲ. ಆದರೂ ಪುಸ್ತಕ ಭತ್ಯೆ, ಉನ್ನತ ಪದವಿ ಭತ್ಯೆ, ಅಪಾಯ ಭತ್ಯೆ, ವಾಹನ ಭತ್ಯೆಗಳಲ್ಲಿ ವಿಜ್ಞಾನಿಗಳು ವೈದ್ಯರಿಗೆ ಸಮನಾಗಿರಲಿಲ್ಲ. ಬಡ್ತಿಗೂ ದಾರಿಯಿರಲಿಲ್ಲ. ಅವರಲ್ಲೊಬ್ಬರಾದ ಡಾ. ಓ.ಝಡ್. ಹುಸೇನ್ ನೇರ ಸುಪ್ರೀಂ ಕೋರ್ಟಿಗೆ ಹೋದರು. ಬಡ್ತಿ ಎಂಬುದು ಸೇವೆಯ ಸಹಜ ಅಂಗವೆಂದು ಕೋರ್ಟ್ ಒಪ್ಪಿತು. ನಿಯಮ ರೂಪಿಸಲು ಸರ್ಕಾರಕ್ಕೆ ಗಡುವು ಹಾಕಿತು, ಭತ್ಯೆಗಳನ್ನು ವೈದ್ಯರಿಗೆ ಕೊಡುವ ದರದಲ್ಲೇ ಕೊಡಿ ಎಂದಿತು. 1990ರ ಕಾನೂನು ವರದಿಗಳಲ್ಲಿ ಸೇರಿರುವ ಈ ತೀರ್ಪು, ಬಡ್ತಿಯ ಮೊಕದ್ದಮೆಗಳಲ್ಲಿ ವಕೀಲರು ಇಂದಿಗೂ ಎತ್ತಿ ತೋರಿಸುವಂಥದ್ದು.

ಫ್ಲೆಕ್ಸಿಬಲ್ ಸ್ಕೀಮಿನಡಿ ಬಡ್ತಿಯ ಈಗಿನ ಲೆಕ್ಕ ಹೀಗಿದೆ. ‘ಬಿ’ಯಿಂದ ‘ಸಿ’ಗೆ ಕನಿಷ್ಠ 3 ವರ್ಷ, ಮುಂದಿನ ಎರಡು ಹಂತಕ್ಕೆ ನಾಲ್ಕು ನಾಲ್ಕು, ಆಮೇಲಿನ ಎರಡಕ್ಕೆ ಐದೈದು. ಒಂದೂ ಸಂದರ್ಶನ ತಪ್ಪದೆ ತೇರ್ಗಡೆಯಾದರೂ 1,44,200 ರೂಪಾಯಿಯ ಹದಿನಾಲ್ಕನೇ ಹಂತದ ‘ಸೈಂಟಿಸ್ಟ್ ಜಿ’ ಆಗಲು 21 ವರ್ಷ. ಅದೇ ಹಂತಕ್ಕೆ ಐಎಎಸ್ ಅಧಿಕಾರಿ ತಮ್ಮ ರಾಜ್ಯದಲ್ಲಿ 16 ವರ್ಷಕ್ಕೆ ಅರ್ಹರಾಗುತ್ತಾರೆ. ದಾರಿಯಲ್ಲಿ ಮೂರು ಬಡ್ತಿಗಳಲ್ಲಿ ಎರಡೆರಡು ಹೆಚ್ಚುವರಿ ಇನ್‌ಕ್ರಿಮೆಂಟುಗಳೂ ಅವರಿಗಿವೆ.

ಅಂಥವೇ ಎರಡು ಇನ್‌ಕ್ರಿಮೆಂಟುಗಳು ಇಸ್ರೋ ವಿಜ್ಞಾನಿಗಳಿಗೂ ಇದ್ದವು. 1996ರಲ್ಲಿ ಮಂಜೂರಾದ ಈ ಸೌಲಭ್ಯವನ್ನು, ಹಣಕಾಸು ಸಚಿವಾಲಯದ ಸಲಹೆಯಂತೆ, ಬಾಹ್ಯಾಕಾಶ ಇಲಾಖೆ 2019ರ ಜುಲೈ 1ರಿಂದ ನಿಲ್ಲಿಸಿತು. ಚಂದ್ರಯಾನ-2 ಉಡಾವಣೆಗೆ ಕಾದಿದ್ದ ತಿಂಗಳದು. ನೌಕೆ ಹಾರಿದ್ದು ಜುಲೈ 22ಕ್ಕೆ. ಸಾಧನೆ ಆಧರಿಸಿದ ಪ್ರೋತ್ಸಾಹಧನ ಆಗಲೇ ಜಾರಿಯಲ್ಲಿದೆ, ಎರಡೂ ಬೇಕಿಲ್ಲ ಎಂಬುದು ಸರ್ಕಾರದ ವಾದ. ಈ ವಾದ ಸಾಲದು. ಪ್ರೋತ್ಸಾಹಧನ ಮೂಲ ವೇತನಕ್ಕೆ ಸೇರುವುದಿಲ್ಲ, ಆದ್ದರಿಂದ ಪಿಂಚಣಿಯ ಲೆಕ್ಕಕ್ಕೂ ಬರುವುದಿಲ್ಲ. ಇನ್‌ಕ್ರಿಮೆಂಟಿನ ಬಲ ಇರುವುದೇ ಅಲ್ಲಿ. ಎಂಜಿನಿಯರುಗಳ ಸಂಘ ಆಗಿನ ಅಧ್ಯಕ್ಷ ಕೆ. ಶಿವನ್ ಅವರಿಗೆ ಪತ್ರ ಬರೆಯಿತು, ರಾಜ್ಯಸಭೆಯಲ್ಲೂ ಪ್ರಸ್ತಾಪವಾಯಿತು.

ಅಸಮಾನತೆ ವಿಜ್ಞಾನಿಗಳ ನಡುವೆಯೂ ಇದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕೃಷಿ ಪರಿಷತ್ತಿನದು. ಅಲ್ಲಿ ಮಾವಿನ ತಳಿ ಬೆಳೆಸುವ ವಿಜ್ಞಾನಿ 62ಕ್ಕೆ ನಿವೃತ್ತರಾಗುತ್ತಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇನ್ನೊಂದು ಪರಿಷತ್ತಾದ ಸಿಎಸ್‌ಐಆರ್‌ಗೆ ಸೇರಿದ್ದು. ಅದೇ ಮಾವಿನ ತಿರುಳನ್ನು ಕೆಡದಂತೆ ಉಳಿಸುವ ಬಗೆ ಹುಡುಕುವವರು 60ಕ್ಕೇ ಹೊರಡಬೇಕು. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಇದೇ ಸಂಶೋಧನೆ ಮಾಡುವ ಪ್ರಾಧ್ಯಾಪಕರಿಗೆ 65ರವರೆಗೆ ಅವಕಾಶ. ಎರಡು ವರ್ಷ ಎಂದರೆ 24 ತಿಂಗಳ ಸಂಬಳ, ಅರ್ಧಕ್ಕೆ ನಿಂತ ಪ್ರಯೋಗಗಳು, ಮಾರ್ಗದರ್ಶಕರನ್ನು ಬದಲಿಸಬೇಕಾದ ಪಿಎಚ್‌.ಡಿ. ವಿದ್ಯಾರ್ಥಿಗಳು. ಮುಂದಿನ ವೇತನ ಆಯೋಗದ ಮುಂದೆ ವಿಜ್ಞಾನಿಗಳ ಸಂಘಗಳು ಮೊದಲು ಇಡಬೇಕಾದ ಬೇಡಿಕೆಗಳು ಎರಡು: ಎಲ್ಲ ಸಂಶೋಧನಾ ಪರಿಷತ್ತುಗಳಿಗೆ ಒಂದೇ ನಿವೃತ್ತಿ ವಯಸ್ಸು, ಮತ್ತು ಹದಿನಾಲ್ಕನೇ ಹಂತಕ್ಕೆ ಏರಲು ಆಡಳಿತ ಸೇವೆಗಿರುವಷ್ಟೇ ವರ್ಷ.