ಹಬ್ಸಿಕೋಟ್‌ನಿಂದ ಯಲ್ಲಾಪುರಕ್ಕೆ: ಕರಿಯರ ಸಂಗೀತದ ಜಾಡು

ಔರಾದ, ಭಾಲ್ಕಿ ಕಡೆಯವರು ಕಚೇರಿ ಕೆಲಸಕ್ಕೆಂದು ಬೀದರಿಗೆ ಬಂದಾಗ ‘ಹಬ್ಸಿಕೋಟ್’ ಎಂಬ ಹೆಸರು ಕಿವಿಗೆ ಬಿದ್ದೇ ಬೀಳುತ್ತದೆ. ಅಲ್ಲಿನ ಸರ್ಕಾರಿ ಅತಿಥಿಗೃಹಕ್ಕೂ ಅದೇ ಹೆಸರು. ಊರಿನ ಪೂರ್ವಕ್ಕಿರುವ ಆ ದಿಬ್ಬದ ಮೇಲಿನ ಹಳೆಯ ಗೋರಿಗಳು ಹಬಶಿ ಸರದಾರರವು. ಇಂದಿನ ಇಥಿಯೋಪಿಯಾ ಸೀಮೆಯಿಂದ ಗುಲಾಮರಾಗಿಯೋ ಸಿಪಾಯಿಗಳಾಗಿಯೋ ಬಂದು ಬಹಮನಿ ದರಬಾರಿನಲ್ಲಿ ಮೇಲೇರಿದ ಜನ ಇವರು. ಆಮೇಲೂ ಬೀದರಿನಲ್ಲಿ ಅವರ ದರ್ಪ ತಗ್ಗಲಿಲ್ಲ. 1657ರಲ್ಲಿ ಔರಂಗಜೇಬನ ಸೈನ್ಯ ಮುತ್ತಿಗೆ ಹಾಕಿದಾಗ ಬಿಜಾಪುರದ ಪರವಾಗಿ ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಸಿದ್ದಿ ಮರ್ಜಾನ್. ಮದ್ದುಗುಂಡು ಸಿಡಿದು ಅವನು ಮೈ ಸುಟ್ಟುಕೊಂಡ ಮೇಲೆಯೇ ಕೋಟೆ ಮೊಗಲರದಾಯಿತು.

ಇಷ್ಟೆಲ್ಲ ಚರಿತ್ರೆಯಲ್ಲಿದೆ. ಅವರು ಏನು ಹಾಡುತ್ತಿದ್ದರು ಎಂಬುದು ಮಾತ್ರ ಇಲ್ಲ. ಯುದ್ಧ ಬರೆದಿಟ್ಟ ದರಬಾರಿನ ಲೇಖಕರಿಗೆ ಸಿಪಾಯಿಗಳ ಬಿಡಾರದ ಹಾಡು ಬೇಕಿರಲಿಲ್ಲ.

ಆದರೆ ಅವರು ಬಿಟ್ಟುಬಂದ ನಾಡು ಈಗಲೂ ಹಾಡುತ್ತಿದೆ. ಇಥಿಯೋಪಿಯಾದ ಸಂಗೀತ ಹೆಚ್ಚಾಗಿ ಐದು ಸ್ವರಗಳ ಮೇಲೆ ನಿಂತದ್ದು. ಅಲ್ಲಿ ‘ತಿಜಿತಾ’ ಎಂಬ ಸ್ವರಶ್ರೇಣಿಯಿದೆ. ಅಗಲಿಕೆ, ಹಳೆಯ ನೆನಪುಗಳ ಹಾಡುಗಳಿಗೂ ಅದೇ ಹೆಸರು. ಅದರ ಒಂದು ರೂಪದ ಸ್ವರಗಳು ಸ, ರಿ, ಗ, ಪ, ಧ. ಅಂದರೆ ನಮ್ಮ ಭೂಪ್, ಕರ್ನಾಟಕ ಸಂಗೀತದವರ ಮೋಹನ. ಹಾಗೆಂದು ಎರಡೂ ಒಂದೇ ಎನ್ನುವಂತಿಲ್ಲ. ರಾಗಕ್ಕೆ ಸ್ವರಗಳಾಚೆಗೂ ನಡೆಯಿದೆ, ಅವರಿಗೆ ಅವರದೇ ಗಮಕವಿದೆ. ಆದರೂ ಭಜನೆಯ ಕಿವಿಗೆ ಅದು ಪೂರಾ ಪರದೇಶಿ ಅನ್ನಿಸದು. 1943ರಲ್ಲಿ ಹುಟ್ಟಿದ ಮುಲಾಟು ಅಸ್ಟಾಟ್ಕೆ ಈ ಸ್ವರಗಳನ್ನು ಜಾಜ್ ಜೊತೆ ಬೆಸೆದು ‘ಇಥಿಯೋ-ಜಾಜ್’ ಕಟ್ಟಿದರು. 2005ರ ‘ಬ್ರೋಕನ್ ಫ್ಲವರ್ಸ್’ ಸಿನಿಮಾದಲ್ಲಿ ಅವರ ಹಳೆಯ ಧ್ವನಿಮುದ್ರಿಕೆಗಳು ಬಂದಮೇಲೆ ಜಗತ್ತು ಅವರತ್ತ ಮತ್ತೆ ತಿರುಗಿತು. ಶುರು ಮಾಡುವವರಿಗೆ ಮುಲಾಟು ಒಳ್ಳೆಯ ಬಾಗಿಲು. ಗಾಯನವೇ ಬೇಕೆಂದರೆ ಮಹಮೂದ್ ಅಹಮದ್.

ಇನ್ನು ನಮ್ಮ ಸೀಮೆಗೆ ಮರಳಿದರೆ, ಬೀದರ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಮುನ್ನ ಹೈದರಾಬಾದಿನದೇ ಭಾಗ. ನಿಜಾಮರ ಕಾವಲಿಗೆ ಆಫ್ರಿಕಾ ಮೂಲದವರದೇ ಒಂದು ಕುದುರೆ ದಳವಿತ್ತು. ಅವರು ನೆಲೆಸಿದ್ದ ಬಡಾವಣೆಯನ್ನು ಹೈದರಾಬಾದಿನಲ್ಲಿ ಇಂದಿಗೂ ‘ಎ.ಸಿ. (ಆಫ್ರಿಕನ್ ಕ್ಯಾವಲ್ರಿ) ಗಾರ್ಡ್ಸ್’ ಎನ್ನುತ್ತಾರೆ. ಸಂಸ್ಥಾನ ಹೋಯಿತು, ದಳ ಕರಗಿತು, ನೌಕರಿ ಹೋದವರ ಮನೆಗಳಲ್ಲಿ ವಾದ್ಯ ಉಳಿಯಿತು. ಅಲ್ಲಿನ ಮದುವೆ ಮೆರವಣಿಗೆಗಳಲ್ಲಿ ಕಾಲು ನಿಲ್ಲದಂತೆ ಮಾಡುವ ‘ಮರ್ಫಾ’ ಬಾಜಾ ಯೆಮನ್ ಮೂಲದ ಅರಬರು ಮತ್ತು ‘ಸಿದ್ದಿ’ ಎಂದು ಕರೆಸಿಕೊಳ್ಳುವ ಈ ಆಫ್ರಿಕಾ ಮೂಲದವರು ಬೆಳೆಸಿದ್ದು.

ಕನ್ನಡದೊಳಗೇ ಉಳಿದ ಆಫ್ರಿಕಾದ ನಾದ ಬೇಕೆಂದರೆ ಉತ್ತರ ಕನ್ನಡದ ಕಾಡಿಗೇ ಹೋಗಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಸಿದ್ದಿಗಳ ಹಿರೀಕರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂವರನ್ನೂ ಒಂದೇ ಅಂಗಳಕ್ಕೆ ತರುವುದು ಡಮಾಮಿ. ಇದು ಎರಡೂ ಕಡೆ ತೊಗಲು ಬಿಗಿದ ಮರದ ವಾದ್ಯ. ಅದರ ಸುತ್ತ ಹಾಡು, ಕುಣಿತ. ಹೆಂಗಸರಿಗೆ ಫುಗಡಿ ಕುಣಿತವೂ ಉಂಟು. ಹಾಡಿನ ಮಾತು ಕೊಂಕಣಿ ಬೆರೆತದ್ದು, ನಡುನಡುವೆ ಕನ್ನಡ. ಆಫ್ರಿಕಾದ ನುಡಿಗಳು ಬಹುಮಟ್ಟಿಗೆ ಮರೆತುಹೋಗಿವೆ, ಲಯ ಮರೆತಿಲ್ಲ. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಸರ್ಕಾರ ಅವರನ್ನು ಗುರುತಿಸುವುದಕ್ಕೆ ಮೊದಲೇ ರಂಗಭೂಮಿ ಗುರುತಿಸಿತ್ತು. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್‌ನ ಚಿದಂಬರರಾವ್ ಜಂಬೆ ಸಿದ್ದಿಗಳನ್ನೇ ಕಲಾವಿದರನ್ನಾಗಿಸಿ, ನೈಜೀರಿಯಾದ ಚಿನುವ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಆಡಿಸಿದರು. ಆಫ್ರಿಕಾದ ಹಳ್ಳಿಯ ಕಥೆಯನ್ನು ಆಫ್ರಿಕಾ ಮೂಲದವರು ಕನ್ನಡದಲ್ಲಿ ಆಡುವುದು! ಇಂಥದ್ದು ಬೇರೆ ಎಲ್ಲಾದರೂ ನಡೆದಿದ್ದರೆ ನಾವು ಪುಸ್ತಕಗಟ್ಟಲೆ ಬರೆಯುತ್ತಿದ್ದೆವು. ಆ ದಾರಿಯಲ್ಲೇ ಮುಂದೆ ಹಿಂದೂಸ್ತಾನಿ ಸಂಗೀತ ಕಲಿತ ಗಾಯಕಿ, ನಟಿ ಗಿರಿಜಾ ಸಿದ್ದಿ ಬಂದರು. ಸಿನಿಮಾಕ್ಕೆ ಪ್ರಶಾಂತ್ ಸಿದ್ದಿ ಬಂದರು.

ಡಮಾಮಿಗೆ ಬಂಧುಬಳಗ ದೊಡ್ಡದು. ಗುಜರಾತಿನ ರತನಪುರದ ಬಾವಾ ಗೋರ್ ದರ್ಗಾದಲ್ಲಿ ಸಿದ್ದಿ ಫಕೀರರು ಧಮಾಲ್ ಕುಣಿಯುತ್ತಾರೆ. ಅವರ ‘ಮುಗರ್ಮನ್’ ಡೋಲನ್ನು ಕರಾಚಿಯ ಆಫ್ರಿಕಾ ಮೂಲದ ಶೀದಿಗಳೂ ಬಾರಿಸುತ್ತಾರೆ. ಗುಜರಾತಿನ ಸಿದ್ದಿಗಳ ಬಿಲ್ಲಿನಾಕಾರದ ‘ಮಲುಂಗಾ’ ನೋಡಿದವರಿಗೆ ಬ್ರೆಜಿಲಿನ ‘ಬೆರಿಂಬಾವು’ ನೆನಪಾಗುತ್ತದೆ. ಎರಡಕ್ಕೂ ಒಂದೇ ತಂತಿ, ನಾದ ತುಂಬಲು ಒಂದು ಬುರುಡೆ. ಒಂದನ್ನು ಹಿಂದೂ ಮಹಾಸಾಗರ ದಾಟಿಸಿದವರು, ಇನ್ನೊಂದನ್ನು ಅಟ್ಲಾಂಟಿಕ್ ದಾಟಿಸಿದವರು, ಆಫ್ರಿಕಾದಿಂದ ಹೊರಟವರೇ.

ಇವೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತವೆ. ಕೇಳುವಾಗ ಒಂದು ವ್ಯತ್ಯಾಸ ಚುಚ್ಚುತ್ತದೆ. ಫ್ರಾನ್ಸಿನಲ್ಲಿ 1990ರ ದಶಕದ ಕೊನೆಗೆ ಶುರುವಾದ ‘ಎಥಿಯೋಪಿಕ್ಸ್’ ಸಿ.ಡಿ. ಮಾಲೆ ಕಲಾವಿದರನ್ನು ಹೆಸರಿಟ್ಟು ಪರಿಚಯಿಸಿತು. ಹಾಗಾಗಿಯೇ ಮುಲಾಟು ಯಾರೆಂದು ಜಗತ್ತಿಗೆ ಗೊತ್ತಾಯಿತು. ನಮ್ಮ ಡಮಾಮಿಯ ಎಷ್ಟೋ ವಿಡಿಯೊಗಳಿಗೆ ‘ಸಿದ್ದಿ ನೃತ್ಯ’ ಎಂಬ ಎರಡೇ ಪದಗಳ ತಲೆಬರಹ. ಹಾಡಿದ ಹೆಂಗಸು ಯಾರು, ಬಾರಿಸಿದವನು ಯಾವ ಊರಿನವನು ಎಂದು ಬರೆಯಲು ಇನ್ನೊಂದು ಸಾಲು ಸಾಕಿತ್ತು.